ದೊಡ್ಡಕ್ಕನ ಹಸಿರು ಗುಂಡಿ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಂಗಿಗೆ ಹೊಲಿಯುವ ಗುಂಡಿಯಷ್ಟೇ ಅಗಲದ ಒಂದು ಹಸಿರು ಗುಂಡಿ. ಗಂಡಸರ ವಾರ್ಡಿನ ಹನ್ನೆರಡು ಮಂಚಗಳ ತಲೆಯ ಕಡೆ, ಗೋಡೆಯಲ್ಲಿ, ಅಂಥದೊಂದೊಂದನ್ನು ಕೂರಿಸಿದ್ದರು. ರೋಗಿಯ ಕೈಗೆ ಉದ್ದನೆಯ ವೈರಿನ ತುದಿಯಲ್ಲಿ ಒಂದು ಬಿಳಿ ಗುಂಡಿ. ಅವನು ಅದನ್ನು ಒತ್ತಿದರೆ ನರ್ಸಿನ ಮಣಿಕಟ್ಟಿನ ಪಟ್ಟಿ ಗುಂಯ್ ಎಂದು ನಡುಗಿ ಮಂಚದ ನಂಬರು ತೋರಿಸುತ್ತದೆ. ಅದೇ ಕ್ಷಣಕ್ಕೆ ವಾರ್ಡಿನ ಬಾಗಿಲ ಮೇಲಿನ ದೊಡ್ಡ ಪರದೆಯಲ್ಲಿ ಗಡಿಯಾರ ಓಡತೊಡಗುತ್ತದೆ. ನರ್ಸು ಬಂದು ಹಸಿರು ಗುಂಡಿ ಒತ್ತಿದರೆ ಅದು ನಿಲ್ಲುತ್ತದೆ. ಒತ್ತದಿದ್ದರೆ, ಅವಳು ರೋಗಿಯನ್ನು ಎತ್ತಿ ಕೂರಿಸಿ, ಮೈ ಒರೆಸಿ, ಮಾತ್ರೆ ನುಂಗಿಸಿ, ಅವನ ಅಣ್ಣತಮ್ಮಂದಿರ ಜಗಳವನ್ನೆಲ್ಲ ಕೇಳಿಸಿಕೊಂಡು ಹೋದರೂ ಯಂತ್ರದ ಪಾಲಿಗೆ ಅವಳು ಬಂದೇ ಇಲ್ಲ.

ದೊಡ್ಡಕ್ಕ ನಿನ್ನೆ ಮರೆತದ್ದು ಅದನ್ನೇ.

ದೊಡ್ಡಕ್ಕ ಎಂದರೆ ಆ ವಾರ್ಡಿನ ಹಿರಿಯ ನರ್ಸು. ಹೆತ್ತವರಿಟ್ಟ ಹೆಸರು ಕೆಲಸಕ್ಕೆ ಸೇರಿದ ದಿನದ ಕಾಗದಪತ್ರದಲ್ಲಿ ಎಲ್ಲೋ ಇದ್ದೀತು. ಇಪ್ಪತ್ತೆರಡು ವರ್ಷಗಳಿಂದ ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕನೇ. ನಿನ್ನೆ ನಾಲ್ಕನೇ ಮಂಚದ ಬಸ್ ಡ್ರೈವರನ ಡ್ರಿಪ್ ಸೂಜಿ ಕಿತ್ತುಬಂದು ರಕ್ತ ಸೋರತೊಡಗಿದಾಗ ಹತ್ತು ಹೆಜ್ಜೆಯಲ್ಲಿ ಅಲ್ಲಿದ್ದಳು. ರಕ್ತ ನಿಲ್ಲಿಸಿದಳು, ಹೊಸ ಸೂಜಿ ಹಾಕಿದಳು, ಹಾಸು ಬದಲಿಸಿದಳು, ಡ್ರೈವರನ ಗಾಬರಿ ಇಳಿಯುವವರೆಗೆ ಭುಜ ಹಿಡಿದುಕೊಂಡು ಕೂತಳು. ಹಸಿರು ಗುಂಡಿಯನ್ನು ಮಾತ್ರ ಒತ್ತಲಿಲ್ಲ. ಗಡಿಯಾರ ನಲವತ್ತೇಳು ನಿಮಿಷ ಓಡಿತು.

ಬೆಳಿಗ್ಗೆ ಏಳಕ್ಕೆ ಅವಳು ಡ್ಯೂಟಿಗೆ ಬಂದಾಗ ಪರದೆಯ ಕೆಳಗೆ ಸೆಕೆಂಡ್ ಸಾಹೇಬರು ಕಾದು ನಿಂತಿದ್ದರು. ಅವರು ಆಸ್ಪತ್ರೆಯ ಆಡಳಿತಾಧಿಕಾರಿ. ಈ ಯಂತ್ರ ಬಂದ ಮೂರು ತಿಂಗಳಿಂದ ಏನು ಹೇಳಿದರೂ ಸೆಕೆಂಡಿನಲ್ಲೇ ಹೇಳುತ್ತಿದ್ದರಿಂದ ನರ್ಸುಗಳು ಕೊಟ್ಟ ಬಿರುದು ಅದು.

“ನಲವತ್ತೇಳು ನಿಮಿಷ! ಅಂದ್ರೆ ಎರಡು ಸಾವಿರದ ಎಂಟುನೂರ ಇಪ್ಪತ್ತು ಸೆಕೆಂಡು! ಎಲ್ಲಿದ್ರಿ ನೀವು?”

“ಅವರ ಪಕ್ಕದಲ್ಲೇ ಇದ್ದೆ ಸಾರ್.”

“ಪರದೆ ಹಾಗೆ ಹೇಳ್ತಿಲ್ವಲ್ಲ?”

“ಪರದೆ ಅವರ ಪಕ್ಕದಲ್ಲಿ ಇರ್ಲಿಲ್ಲ ಸಾರ್. ನಾನಿದ್ದೆ.”

ಸಾಹೇಬರ ಮುಖ ಗಂಟಾಯಿತು. “ನೋಡಿ, ನನಗೆ ವಾದ ಬೇಡ. ಮಧ್ಯಾಹ್ನ ಒಂದು ಗಂಟೆಗೆ ಹಿರಿಯ ಡಾಕ್ಟ್ರು ಪರದೆ ನೋಡೋಕೆ ಬರ್ತಾರೆ. ಆಗ ಈ ವಾರ್ಡಿನ ಸರಾಸರಿ ಎರಡು ನಿಮಿಷ ದಾಟಿರಬಾರದು. ದಾಟಿದ್ರೆ ನೀವು ನಾಳೆಯಿಂದ ಬಟ್ಟೆ ಉಗ್ರಾಣಕ್ಕೆ.”

ಬಟ್ಟೆ ಉಗ್ರಾಣ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ, ಸೂರಿನವರೆಗೆ ಹಾಸು ಹೊದಿಕೆಗಳ ರಾಶಿ, ಹತ್ತಿ ಆರಿ ಮಾಡುವ ಒಂದು ಟ್ಯೂಬ್‌ಲೈಟು. ಎರಡು ವರ್ಷದ ಹಿಂದೆ ಅಲ್ಲಿಗೆ ಇಳಿದ ಒಬ್ಬ ಒಳ್ಳೆಯ ನರ್ಸು ಈಗ ದಿಂಬಿನ ಚೀಲಗಳ ಜೊತೆ ಮಾತಾಡುತ್ತಾಳೆಂದು ಸುದ್ದಿ. ದೊಡ್ಡಕ್ಕನಿಗೆ ಈ ವಾರ್ಡು ಬಿಟ್ಟು ಬದುಕು ಗೊತ್ತಿರಲಿಲ್ಲ. ಮನೆಯಲ್ಲಿ ಗಂಡ “ಕಾಲು ನೋವು ಅಂತೀಯ, ಕೂತು ಮಾಡೋ ಕೆಲಸ ಕೇಳ್ಕೋಬಾರದಾ?” ಎಂದಾಗಲೆಲ್ಲ “ಕೂತ್ರೆ ನನಗೆ ಕಾಯಿಲೆ ಬರುತ್ತೆ” ಎಂದು ಬಾಯಿ ಮುಚ್ಚಿಸಿದವಳು ಅವಳು. ಆ ಮನೆಯಲ್ಲೂ ಈಗ ಈ ಯಂತ್ರದ ಕಾಟವೇ. ಕುಕ್ಕರ್ ಕೂಗಿದರೆ ಅವಳ ಕೈ ತಾನಾಗಿಯೇ ಗೋಡೆಯ ಮೇಲೆ ಹಸಿರು ಗುಂಡಿ ಹುಡುಕುತ್ತಿತ್ತು. ಅತ್ತೆ ಮರುಕದಿಂದ ನೋಡುತ್ತಿದ್ದರು.

“ಆಗ್ಲಿ ಸಾರ್,” ಎಂದಳು. ಒಳಗೆ ಬಂದು ಪಟ್ಟಿ ಕಟ್ಟಿಕೊಂಡಳು. ಅದು ಆ ಕ್ಷಣವೇ ಗುಂಯ್ ಎಂದಿತು.

ಎರಡನೇ ಮಂಚ. ಓಡಿದಳು. ಎರಡನೇ ಮಂಚದ ತಾತ ಕಣ್ಣು ಮುಚ್ಚಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ಗುಂಡಿ ಅವರ ಬೆನ್ನಿನಡಿ ಇತ್ತು. ದೊಡ್ಡಕ್ಕ ಹಸಿರು ಒತ್ತಿದಳು. ತಾತ ಮಗ್ಗುಲಾದರು. ಮತ್ತೆ ಗುಂಯ್. ಗುಂಡಿಯನ್ನು ಎಳೆದು ದಿಂಬಿನ ಪಕ್ಕ ಇಟ್ಟಳು. ತಾತ ನಿದ್ದೆಯಲ್ಲೇ ಅದನ್ನು ಹುಡುಕಿ ತಬ್ಬಿಕೊಂಡರು. ಮತ್ತೆ ಗುಂಯ್.

ಅಷ್ಟರಲ್ಲಿ ನಾಲ್ಕನೆಯದು. ಡ್ರೈವರ್ ಯಾವತ್ತೂ ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಒತ್ತುತ್ತಿದ್ದ. ಇಪ್ಪತ್ತು ವರ್ಷ ಹಾರ್ನ್ ಒತ್ತಿದ ಹೆಬ್ಬೆರಳು, ಸುಮ್ಮನಿರು ಎಂದರೆ ಇದ್ದೀತೇ?

“ಏನು ಬೇಕಿತ್ತು?”

“ಏನಿಲ್ಲ ಸಿಸ್ಟರ್, ನೀವು ಹಾದುಹೋಗ್ತಿದ್ರಲ್ಲ, ಒತ್ತಿಬಿಟ್ಟೆ.”

ಇದನ್ನೆಲ್ಲ ಇನ್ನೊಂದು ತುದಿಯಿಂದ ನೋಡುತ್ತಿದ್ದ ಕಿರಿಯ ನರ್ಸು ಹತ್ತಿರ ಬಂದಳು. ಕೈಯಲ್ಲಿ ಫೋನು, ತಲೆಯಲ್ಲಿ ಉಪಾಯ, ಸದಾ ಎರಡೂ ಇರುತ್ತಿದ್ದುದರಿಂದ ಅವಳ ಹೆಸರು ಚೂಟಿ. “ಅಕ್ಕಾ, ಯಾಕೆ ಒದ್ದಾಡ್ತೀರಿ? ಖಾಲಿ ಇರೋ ಹನ್ನೆರಡನೇ ಮಂಚದ ಹತ್ರ ನಿಂತ್ಕೊಳ್ಳಿ. ಬಿಳಿ ಒತ್ತಿ, ಹಸಿರು ಒತ್ತಿ. ಬಿಳಿ, ಹಸಿರು. ನೂರು ಸಲ ಒತ್ತಿದ್ರೆ ಸರಾಸರಿ ತಾನಾಗೇ ಇಳಿಯುತ್ತೆ. ಮೂರನೇ ಮಹಡಿಯವರೆಲ್ಲ ಹಾಗೇ ಮಾಡೋದು.”

“ಯಾರೂ ಕರೀದೇ ಇರೋ ಮಂಚಕ್ಕೆ ಓಗೊಡೋಕೆ ನನಗೇನು ತಲೆ ಕೆಟ್ಟಿದ್ಯಾ?” ಎಂದು ದೊಡ್ಡಕ್ಕ ಸಿಡುಕಿದಳು. “ಇಪ್ಪತ್ತೆರಡು ವರ್ಷ ಮನುಷ್ಯರಿಗೆ ಓಗೊಟ್ಟಿದ್ದೀನಿ. ಗೋಡೆಗೆ ಓಗೊಡಲ್ಲ.”

ಒಂಬತ್ತೂವರೆಗೆ ಅನಾಹುತವಾಯಿತು. ಆರನೇ ಮಂಚದಲ್ಲಿ ಒಬ್ಬ ಟೈಲರ್ ಇದ್ದ. ಅಪೆಂಡಿಕ್ಸ್ ತೆಗೆಸಿಕೊಂಡು ನಾಲ್ಕು ದಿನವಾಗಿತ್ತು, ಚೆನ್ನಾಗಿಯೇ ಇದ್ದ. ಹೊಲಿಗೆಯ ಮೇಲಿನ ಪಟ್ಟಿ ಒದ್ದೆಯಾಗಿದೆ ಎಂದು ಕರೆದ. ದೊಡ್ಡಕ್ಕ ಗ್ಲೌಸ್ ಹಾಕಿಕೊಂಡು ಪಟ್ಟಿ ಬಿಚ್ಚಿ ಗಾಯ ಒರೆಸುತ್ತಿದ್ದಾಗ ನೆನಪಾಯಿತು. ಹಸಿರು! ಗಡಿಯಾರ ಓಡುತ್ತಿದೆ! ಗಾಯ ಮುಟ್ಟಿದ ಗ್ಲೌಸಿನಲ್ಲಿ ಗೋಡೆ ಮುಟ್ಟುವಂತಿಲ್ಲ. ಕೈ ತೊಳೆಯುವ ನಲ್ಲಿಯನ್ನೂ ಮೊಣಕೈಯಿಂದಲೇ ತಿರುಗಿಸಿ ಅಭ್ಯಾಸವಾದವಳು ಅವಳು. ಹಿಂದೆ ಮುಂದೆ ನೋಡದೆ ಮೊಣಕೈ ಎತ್ತಿ ಗೋಡೆಗೆ ಗುದ್ದಿದಳು.

ಮೊಣಕೈಗೆ ಬಣ್ಣ ಗೊತ್ತಾಗುವುದಿಲ್ಲ. ಹಸಿರಿನ ಪಕ್ಕದಲ್ಲೇ ಒಂದು ಕೆಂಪು ಗುಂಡಿ ಇತ್ತು. ರೋಗಿಯ ಹೃದಯ ನಿಂತರೆ ಒತ್ತುವುದು.

ಇಡೀ ಮಹಡಿಯಲ್ಲಿ ಸೈರನ್ನು ಕೂಗಿತು. ಟೈಲರ್ ಬಾಳೆಹಣ್ಣು ಸುಲಿದು ಬಾಯಿಗಿಡುತ್ತಿದ್ದ ಹೊತ್ತಿಗೆ ಮೂವರು ಡಾಕ್ಟರರು, ಒಂದು ತಳ್ಳುಗಾಡಿ, ಒಂದು ಆಕ್ಸಿಜನ್ ಸಿಲಿಂಡರು ಬಾಗಿಲು ಒಡೆಯುವಂತೆ ನುಗ್ಗಿದವು. ಅವರಲ್ಲಿ ಅತಿ ಚಿಕ್ಕ ಡಾಕ್ಟರು ನೆಗೆದು ಮಂಚ ಹತ್ತಿ ಟೈಲರನ ಎದೆಯ ಮೇಲೆ ಎರಡೂ ಕೈ ಇಟ್ಟೇಬಿಟ್ಟರು.

“ಅಯ್ಯೋ, ನನಗೇನಾಯ್ತು!” ಎಂದು ಟೈಲರ್ ಬಾಯ್ತುಂಬ ಹಣ್ಣಿಟ್ಟುಕೊಂಡೇ ಕಿರುಚಿದ.

“ಇವರು ಮಾತಾಡ್ತಿದ್ದಾರೆ,” ಎಂದರು ಎರಡನೆಯ ಡಾಕ್ಟರು, ತುಸು ನಿರಾಸೆಯಿಂದ.

ಗದ್ದಲ ಅಡಗುವ ಹೊತ್ತಿಗೆ ಸೆಕೆಂಡ್ ಸಾಹೇಬರು ಬಾಗಿಲಲ್ಲಿದ್ದರು. ಪರದೆಯಲ್ಲಿ ವಾರ್ಡಿನ ಸರಾಸರಿ ಐದು ನಿಮಿಷ ಹತ್ತು ಸೆಕೆಂಡು. ಅವರು ಬಾಯಿ ಬಿಡುವ ಮೊದಲೇ ದೊಡ್ಡಕ್ಕ ಗ್ಲೌಸು ಕಿತ್ತು ಬುಟ್ಟಿಗೆ ಎಸೆದಳು. ಅವಳಿಗೆ ನಾಚಿಕೆಯೂ ಆಗಿತ್ತು, ಸಿಟ್ಟೂ ಬಂದಿತ್ತು. ಎರಡರಲ್ಲಿ ಸಿಟ್ಟೇ ಮೊದಲು ಮಾತಾಡಿತು.

“ಸಾರ್, ನಿಮ್ಮ ಪರದೆ ಅಳಿಸಿ ಹತ್ತು ಗಂಟೆಗೆ ಹೊಸದಾಗಿ ಶುರು ಮಾಡಿ. ಹತ್ತರಿಂದ ಒಂದರವರೆಗೆ ಈ ವಾರ್ಡಲ್ಲಿ ಒಂದೇ ಒಂದು ಕರೆ ಬಂದ್ರೆ ಉಗ್ರಾಣದ ಬೀಗದಕೈ ನಾನೇ ಕೇಳಿ ಇಸ್ಕೊಂಡು ಕೆಳಗಿಳೀತೀನಿ.”

“ಒಂದೂ ಕರೆ ಬರಲ್ವಾ? ಹನ್ನೊಂದು ಜನ ರೋಗಿಗಳು, ಮೂರು ಗಂಟೆ, ಒಂದೂ ಇಲ್ಲ?”

“ಒಂದೂ ಇಲ್ಲ. ಈ ಡಬ್ಬಿ ಬರೋಕೆ ಮುಂಚೆ ಹತ್ತೊಂಬತ್ತು ವರ್ಷ… ಅಲ್ಲ, ಇಪ್ಪತ್ತೊಂದೂಮುಕ್ಕಾಲು ವರ್ಷ ಕೆಲಸ ಮಾಡಿದ್ದೀನಿ ಸಾರ್. ಕರೆದ ಮೇಲೆ ಹೋಗೋಳಲ್ಲ ನಾನು. ಕರೆಯೋಕೆ ಮುಂಚೆ ಹೋಗೋಳು.”

ಸಾಹೇಬರಿಗೆ ಒಳಗೊಳಗೇ ಖುಷಿಯಾಯಿತು. ತಾವಾಗಿ ಇಳಿಸುವುದಕ್ಕಿಂತ ಅವಳೇ ಇಳಿಯುವುದು ಸಲೀಸು. “ಸರಿ. ಹತ್ತು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು,” ಎಂದು ಹೊರಟುಹೋದರು.

ಅವರ ಬೆನ್ನು ಮರೆಯಾದ ಮೇಲೆ ದೊಡ್ಡಕ್ಕ ಪರದೆಯ ಕಡೆ ಒಮ್ಮೆ ನೋಡಿದಳು. ಆಡಿದ್ದು ಆಡಿಯಾಗಿತ್ತು. ವಾರ್ಡಿನ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಕೇಳಿಸ್ಕೊಂಡ್ರಲ್ಲ? ಒಂದು ಗಂಟೆವರೆಗೆ ಯಾರೂ ಗುಂಡಿ ಮುಟ್ಟಬಾರದು. ಕಾಲು ಗಂಟೆಗೊಂದ್ಸಲ ನಾನೇ ಪ್ರತಿಯೊಬ್ಬರ ಹತ್ರ ಬರ್ತೀನಿ. ಆದ್ರೆ ನಿಜವಾಗ್ಲೂ ಎದೆನೋವು, ಉಸಿರು ಕಟ್ಟೋದು ಅಂತಾದ್ರೆ ಯೋಚ್ನೆ ಮಾಡ್ಬೇಡಿ, ಒತ್ತಿ. ನನ್ನ ಉಗ್ರಾಣ ನಾನು ನೋಡ್ಕೋತೀನಿ.”

“ಹಾರ್ನ್ ಇಲ್ದೆ ಗಾಡಿ ಹೇಗೆ ಓಡಿಸೋದು ಸಿಸ್ಟರ್?” ಎಂದ ಡ್ರೈವರ್.

“ಮೂರು ಗಂಟೆ ಓಡಿಸಿ. ನಿನ್ನೆ ನಿಮ್ಮ ಪಕ್ಕ ಕೂತಿದ್ದಕ್ಕೇ ಇವತ್ತು ಈ ಪಾಡು ನನಗೆ.”

ಡ್ರೈವರ್ ತಲೆ ತಗ್ಗಿಸಿ ಹೆಬ್ಬೆರಳನ್ನು ಹೊದಿಕೆಯೊಳಗೆ ಸೇರಿಸಿದ.

ಆಗ ಒಂಬತ್ತನೇ ಮಂಚದಿಂದ ಒಂದು ದನಿ ಬಂತು. “ಸಿಸ್ಟರ್, ಮನಸ್ಸು ಗಟ್ಟಿಯಿದ್ರೂ ಕೈ ತಗುಲಿ ಒತ್ತಿ ಹೋಗುತ್ತೆ. ಮಾತ್ರೆ ಕೊಡೋ ಕಾಗದದ ಲೋಟ ಇದ್ಯಲ್ಲ, ಅದನ್ನ ಗುಂಡಿ ಮೇಲೆ ಕವುಚಿ ಟೇಪ್ ಹಚ್ಚಿಬಿಡಿ. ಬೇಕಂತ ಒತ್ತೋರು ಹರಿದು ಒತ್ತಬಹುದು, ಬೇಡದೋರು ಒತ್ತಲ್ಲ.”

ಒಂಬತ್ತನೇ ಮಂಚದವರು ಕೆಲಸದ ಮೇಲೆ ಏಣಿ ಹತ್ತಿ ಬಿದ್ದು ಕಾಲು ಮುರಿದುಕೊಂಡವರು. ನಡುವಯಸ್ಸು, ದಪ್ಪ ಕನ್ನಡಕ, ತೊಡೆಯವರೆಗೆ ಪ್ಲಾಸ್ಟರು. ಏನು ಕೆಲಸ ಎಂದು ಕೇಳಿದರೆ “ಅದೇ, ರಿಪೇರಿ ಗಿಪೇರಿ” ಎಂದು ಮಾತು ತೇಲಿಸುತ್ತಿದ್ದರು. ಸದಾ ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. ಮೆತ್ತಗಿನ ಮನುಷ್ಯ, ಇಂಜೆಕ್ಷನ್ ಎಂದರೆ ಮಾತ್ರ ಮೈಯೆಲ್ಲ ಬೆವರುವ ಜಾತಿ. ದೊಡ್ಡಕ್ಕ ಅವರ ಉಪಾಯಕ್ಕೆ ತಲೆದೂಗಿದಳು. ಐದು ನಿಮಿಷದಲ್ಲಿ ಹನ್ನೊಂದು ಬಿಳಿ ಗುಂಡಿಗಳಿಗೂ ಕಾಗದದ ಟೋಪಿ ಬಿತ್ತು. ತಾತ ನಿದ್ದೆಯಲ್ಲಿ ಎಷ್ಟು ತಬ್ಬಿಕೊಂಡರೂ ಸದ್ದಿಲ್ಲ.

ಹತ್ತು ಗಂಟೆಗೆ ಪರದೆ ಅಳಿಸಿ ಸೊನ್ನೆಯಾಯಿತು. ದೊಡ್ಡಕ್ಕ ನಡೆಯತೊಡಗಿದಳು. ಒಂದರಿಂದ ಹನ್ನೊಂದು, ಹನ್ನೊಂದರಿಂದ ಒಂದು. ಚೂಟಿ ಔಷಧಿ ತಟ್ಟೆ ಹಿಡಿದು ಹಿಂದೆ. ತಾತನಿಗೆ ನೀರು ಬಾಯಿಗಿಟ್ಟಳು. ಟೈಲರನ ಬೆನ್ನಿಗೆ ದಿಂಬು ಸೇರಿಸಿದಳು. ಏಳನೆಯವರ ಫ್ಯಾನ್ ನಿಧಾನ ಮಾಡಿದಳು. ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಅದೇ ಬೇಕಾಗಿತ್ತು.

ಎರಡನೆಯ ಸುತ್ತಿನಲ್ಲಿ ಒಂಬತ್ತನೆಯವರು ಕನ್ನಡಕ ಮೇಲೆ ಮಾಡಿ ಕೇಳಿದರು. “ನಾಲ್ಕನೇ ಮಂಚದವರಿಗೆ ಬೆಡ್‌ಪ್ಯಾನ್ ಬೇಕು ಅಂತ ಹೇಗೆ ಗೊತ್ತಾಯ್ತು ಸಿಸ್ಟರ್? ಅವರು ಬಾಯೇ ಬಿಡ್ಲಿಲ್ಲ.”

“ಕಾಲಿನ ಬೆರಳು ಆಡಿಸ್ತಿದ್ರು. ಗಂಡಸರು ನಾಚಿಕೆಯಿಂದ ಹೇಳಲ್ಲ, ಬೆರಳು ಹೇಳುತ್ತೆ.”

“ಮತ್ತೆ ತಾತನಿಗೆ ನೀರು?”

“ಬೆಳಗಿನ ಮಾತ್ರೆ ಬಾಯಿ ಒಣಗಿಸುತ್ತೆ. ನುಂಗಿ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಾಲಿಗೆ ಚಪ್ಪರಿಸ್ತಾರೆ.”

“ಕಾಲು ಗಂಟೆಗೊಂದ್ಸಲ ಅಂದ್ರಲ್ಲ, ಅದ್ಯಾಕೆ? ಅರ್ಧ ಗಂಟೆ ಯಾಕಾಗ್ಬಾರದು?”

ಇಪ್ಪತ್ತೆರಡು ವರ್ಷದಲ್ಲಿ ಅವಳ ಕೆಲಸದ ಗುಟ್ಟನ್ನು ಇಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ. ದೊಡ್ಡಕ್ಕ ಉಬ್ಬಿದಳು. ಮಂಚದ ಅಂಚಿಗೆ ಒರಗಿ ನಿಂತು ವಿವರಿಸಿದಳು. “ಮಲಗಿರೋ ಮನುಷ್ಯ ಕಾಲು ಗಂಟೆ ತಡ್ಕೋತಾನೆ. ಹದಿನಾರನೇ ನಿಮಿಷಕ್ಕೆ, ನನ್ನ ಯಾರೂ ಕೇಳೋರಿಲ್ಲ ಅನ್ನಿಸೋಕೆ ಶುರುವಾಗುತ್ತೆ. ಕೈ ಗುಂಡಿ ಕಡೆ ಹೋಗೋದು ಆಗಲೇ. ನೀರು ಬೇಕು, ದಿಂಬು ಬೇಕು ಅನ್ನೋದೆಲ್ಲ ನೆಪ. ಹದಿನೈದನೇ ನಿಮಿಷಕ್ಕೆ ಒಂದು ಮುಖ ಕಂಡ್ರೆ ಸಾಕು.”

“ಅದ್ಭುತ,” ಎಂದು ಒಂಬತ್ತನೆಯವರು ಗೀಚಿಕೊಂಡರು. ಮಗಳಿಗೆ ಕಾಗದ ಬರೆಯುತ್ತಿರಬೇಕೆಂದು ದೊಡ್ಡಕ್ಕ ಅಂದುಕೊಂಡಳು. ಮೂರನೆಯ ಸುತ್ತಿಗೆ ಇನ್ನಷ್ಟು ಹೇಳಿಕೊಟ್ಟಳು. ನಾಲ್ಕನೆಯ ಸುತ್ತಿಗೆ ಅವರು ಕೇಳದಿದ್ದರೂ ಹೇಳಿದಳು.

ಸೆಕೆಂಡ್ ಸಾಹೇಬರು ಅರ್ಧ ಗಂಟೆಗೊಮ್ಮೆ ಬಂದು ಬಾಗಿಲ ಸಂದಿಯಿಂದ ಇಣುಕಿದರು. ಪರದೆಯಲ್ಲಿ ಸೊನ್ನೆ. ಹನ್ನೊಂದೂವರೆಗೆ ಬಂದವರು ಪರದೆಯ ಬದಿಯನ್ನು ಬೆರಳಿನಿಂದ ಕುಟ್ಟಿದರು. ಸೊನ್ನೆ ಅಲ್ಲಾಡಲಿಲ್ಲ. ಒಳಗಿನಿಂದ “ಪೀಂ ಪೀಂ ಪೀಈಈಂ” ಎಂದು ಕೇಳಿ ಅವರು ಆಸೆಯಿಂದ ನೆಗೆದು ಬಂದರು. ಡ್ರೈವರ್ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ. ಬಾಯಿಗೆ ಅವರು ಯಾವ ವೈರೂ ಜೋಡಿಸಿರಲಿಲ್ಲ.

ಹನ್ನೆರಡಕ್ಕೆ ರೋಗಿಗಳನ್ನು ನೋಡಲು ಬರುವವರ ಸಮಯ ಶುರುವಾಯಿತು. ಅವರಿಗೂ ಒಪ್ಪಂದಕ್ಕೂ ಸಂಬಂಧವಿಲ್ಲ. ಟೈಲರನ ಹೆಂಡತಿ ಬಂದವಳೇ ಗುಂಡಿಯ ಮೇಲಿನ ಕಾಗದದ ಲೋಟ ನೋಡಿ, “ಇದೇನ್ರೀ, ಔಷಧಿ ಕುಡೀದೆ ಹಾಗೇ ಬಿಟ್ಟಿದ್ದೀರಾ?” ಎಂದು ಟೇಪ್ ಕಿತ್ತಳು. ಒಳಗೆ ಗುಂಡಿ ಕಂಡಿತು. ಹೊಸ ಗುಂಡಿ ಕಂಡರೆ ಒತ್ತದೆ ಬಿಡುವವರು ಯಾರು? ಬೆರಳು ಚಾಚಿದಳು. ವಾರ್ಡಿನ ಹನ್ನೊಂದು ಗಂಡಸರೂ ಒಟ್ಟಿಗೆ ಉಸಿರೆಳೆದರು.

“ಒತ್ತಿ, ಒತ್ತಿ,” ಎಂದಳು ದೊಡ್ಡಕ್ಕ, ಆ ಕಡೆಯಿಂದ ಗಾಳಿಯ ಹಾಗೆ ಬರುತ್ತ, ಆದರೆ ಮುಖದಲ್ಲಿ ಏನೂ ಅವಸರ ತೋರಿಸದೆ. “ಬೆಳಿಗ್ಗೆ ಆ ಗೋಡೆ ಮುಟ್ಟಿದ್ದಕ್ಕೆ ಮೂರು ಜನ ಡಾಕ್ಟ್ರು ಬಂದು ನಿಮ್ಮ ಯಜಮಾನ್ರ ಎದೆ ಮೇಲೆ ಹತ್ತಿ ಕೂತಿದ್ರು.”

“ಹೌದು ಕಣೇ, ಬಾಳೆಹಣ್ಣು ಗಂಟಲಲ್ಲೇ ಇತ್ತು,” ಎಂದ ಟೈಲರ್.

ಹೆಂಡತಿ ಕೈ ಸುಟ್ಟವಳಂತೆ ಗುಂಡಿ ಕೈಬಿಟ್ಟಳು. ಲೋಟ ಮತ್ತೆ ಕವುಚಿತು.

ಒಂದಕ್ಕೆ ಹತ್ತು ನಿಮಿಷ ಇರುವಾಗ ದೊಡ್ಡಕ್ಕನ ಕಾಲು ಮರಗಟ್ಟಿತ್ತು. ಒಂದನೇ ಮಂಚದ ಬಳಿ ನಿಂತು, ಇನ್ನು ಒಂದೇ ಸುತ್ತು ಎಂದು ಲೆಕ್ಕ ಹಾಕುತ್ತಿದ್ದವಳು ತಲೆಯೆತ್ತಿದಾಗ ಒಂಬತ್ತನೆಯವರ ಮುಖ ಕಂಡಿತು. ಕೆಂಪಗಾಗಿತ್ತು. ಕಣ್ಣಲ್ಲಿ ನೀರು. ದಿಂಬಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಕೈ ಗುಂಡಿಯ ಕಡೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು.

ದೊಡ್ಡಕ್ಕ ಕಾಲಿನ ನೋವು ಮರೆತು ಓಡಿದಳು. “ಪ್ಲಾಸ್ಟರ್ ಒಳಗೆ ಕೆರೆತಾನಾ?” ಅವರು ತಲೆಯಾಡಿಸಿದರು. ಅವಳು ಕುರ್ಚಿ ಎಳೆದು ಕೂತು, ಪ್ಲಾಸ್ಟರಿನ ಮೇಲೆ ಬೆರಳ ಗಂಟಿನಿಂದ ಟಕಟಕ ತಟ್ಟುತ್ತ, ಮೇಲಿನ ಸಂದಿಯಿಂದ ರಟ್ಟಿನ ತುಂಡಿನಲ್ಲಿ ಗಾಳಿ ಬೀಸಿದಳು. ಎರಡು ನಿಮಿಷಕ್ಕೆ ಅವರ ಮುಖ ಸಡಿಲವಾಯಿತು.

“ನಾನು ಒತ್ತಲಿಲ್ಲ ಸಿಸ್ಟರ್,” ಎಂದರು ಮೂಗು ಒರೆಸಿಕೊಂಡು.

“ನೋಡಿದೆ. ಒತ್ತಬಹುದಿತ್ತು, ಪರವಾಗಿರ್ಲಿಲ್ಲ.”

“ಇಲ್ಲ. ಒತ್ತೋಕೆ ಮುಂಚೆ ನೀವು ಬರ್ತೀರಿ ಅಂತ ನನಗೆ ಗೊತ್ತಿತ್ತು.” ದೊಡ್ಡಕ್ಕ ಅವರ ದಿಂಬು ತಟ್ಟಿ ಸರಿಮಾಡಿದಳು. ಆಮೇಲೆ ಅವರು ನೀಲಿ ನೋಟ್‌ಬುಕ್ಕು ತೆಗೆದು ಒಂದು ಪುಟ ಪೂರ್ತಿ ಬರೆದರು.

ಸರಿಯಾಗಿ ಒಂದು ಗಂಟೆಗೆ ಹಿರಿಯ ಡಾಕ್ಟರು, ಮೇಟ್ರನ್, ಸೆಕೆಂಡ್ ಸಾಹೇಬರು ಮೂವರೂ ಪರದೆಯ ಮುಂದೆ ನಿಂತರು. ಗಂಡಸರ ವಾರ್ಡು: ಕರೆಗಳು, ಸೊನ್ನೆ. ಕಾಯಿಸಿದ ಸಮಯ, ಸೊನ್ನೆ.

“ಕೆಟ್ಟುಹೋಗಿದೆ,” ಎಂದರು ಸಾಹೇಬರು ಥಟ್ಟನೆ. “ಯಂತ್ರ ಕೆಟ್ಟಿದೆ ಸಾರ್. ಇಲ್ಲಾ ಇವರೇ ಕೆಡಿಸಿದ್ದಾರೆ. ಈಗಲೇ ಕಂಪನಿಗೆ ಫೋನ್ ಮಾಡಿ ಎಂಜಿನಿಯರ್‌ನ ಕರೆಸ್ತೀನಿ.”

“ಕರೆಸೋದು ಬೇಡ ಸಾರ್,” ಎಂದಿತು ಒಳಗಿನಿಂದ ಒಂದು ದನಿ. “ನಾನಿಲ್ಲೇ ಇದ್ದೀನಿ.”

ಎಲ್ಲರೂ ತಿರುಗಿದರು. ಒಂಬತ್ತನೇ ಮಂಚದವರು ಪಾಠ ಒಪ್ಪಿಸುವವರಂತೆ ಕೈ ಎತ್ತಿದ್ದರು.

“ನಾಲ್ಕನೇ ಮಹಡಿಯಲ್ಲಿ ಈ ಕರೆಗುಂಡಿಯ ವೈರ್ ಎಳೀತಿದ್ದಾಗಲೇ ಏಣಿ ಜಾರಿ ಬಿದ್ದದ್ದು. ಈ ಯಂತ್ರ ನನ್ನದೇ ಸಾರ್, ನಾನೇ ಕೂತು ಮಾಡಿದ್ದು.” ಅವರು ದೊಡ್ಡಕ್ಕನ ಕಡೆ ನೋಡಿ ತಲೆ ತಗ್ಗಿಸಿದರು. “ಕ್ಷಮಿಸಿ ಸಿಸ್ಟರ್. ನಾನು ಈ ವಾರ್ಡಿಗೆ ಸೇರಿದ ದಿನವೇ ನೀವು ಹೇಳ್ತಿದ್ರಿ, ಈ ಡಬ್ಬಿ ಮಾಡಿದೋನು ಕೈಗೆ ಸಿಕ್ರೆ ದಪ್ಪ ಸೂಜಿ ತಗೋತೀನಿ ಅಂತ. ನನಗೆ ದಿನಕ್ಕೆರಡು ಇಂಜೆಕ್ಷನ್ ಬರೆದಿದ್ರು. ಹೇಳೋ ಧೈರ್ಯ ಆಗ್ಲಿಲ್ಲ.”

ಡ್ರೈವರ್ ಮೆಲ್ಲಗೆ “ಪೀಂ” ಎಂದ.

“ಯಂತ್ರ ಸರಿಯಾಗಿದೆ ಸಾರ್,” ಎಂದರು ಎಂಜಿನಿಯರು. “ಕರೆ ಬರ್ಲಿಲ್ಲ, ಯಾಕಂದ್ರೆ ಕರೆಯೋ ಅಗತ್ಯವೇ ಬರ್ಲಿಲ್ಲ. ಮೂರು ಗಂಟೆ ಮಲಗಿದ್ದಲ್ಲೇ ನೋಡಿದ್ದೀನಿ. ಇವರ ಕೆಲಸದ ಮುಂದೆ ನನ್ನ ಯಂತ್ರ ಏನೇನೂ ಅಲ್ಲ.”

ವಾರ್ಡಿನಲ್ಲಿ ಚಪ್ಪಾಳೆ ಬಿತ್ತು. ತಾತ ಎಚ್ಚರವಾಗಿ, ಏನೆಂದು ತಿಳಿಯದಿದ್ದರೂ ತಾವೂ ತಟ್ಟಿದರು. ಹಿರಿಯ ಡಾಕ್ಟರು ದೊಡ್ಡಕ್ಕನ ಕೈ ಕುಲುಕಿದರು. “ಇವರನ್ನ ಉಗ್ರಾಣಕ್ಕೆ ಕಳಿಸೋದು ಅಂದ್ರೇನ್ರೀ?” ಎಂದು ಸಾಹೇಬರನ್ನು ಗದರಿದರು; ಉಗ್ರಾಣದ ಸುದ್ದಿ ಚೂಟಿಯಿಂದ ಅವರ ಕಿವಿಗೂ ಬಿದ್ದಿತ್ತು. ಸಾಹೇಬರು ತಮ್ಮ ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡತೊಡಗಿದರು. ದೊಡ್ಡಕ್ಕ ಗೆದ್ದಿದ್ದಳು. ಅವಳಿಗೆ ಕುಣಿಯಬೇಕೆನ್ನಿಸಿತು, ಕಾಲು ಬಿಡಲಿಲ್ಲ, ನಕ್ಕಳು ಅಷ್ಟೆ. ಎಂಜಿನಿಯರ ಮೇಲೆ ಬಂದ ಸಿಟ್ಟನ್ನೂ ಆ ನಗುವಿನಲ್ಲಿ ಮನ್ನಾ ಮಾಡಿದಳು.

ಆದರೆ ಅವರ ಮಾತು ಮುಗಿದಿರಲಿಲ್ಲ. ಫೋನು ಕೈಗೆತ್ತಿಕೊಂಡು, ನೀಲಿ ನೋಟ್‌ಬುಕ್ಕನ್ನು ಎದೆಯ ಮೇಲೆ ಬಿಡಿಸಿಟ್ಟು, ಹತ್ತು ನಿಮಿಷ ಏನೇನೋ ಒತ್ತಿದರು. ಆಮೇಲೆ, “ಇಂಥ ವಿದ್ಯೆ ಒಬ್ಬರ ಹತ್ರವೇ ಉಳೀಬಾರದು ಸಾರ್. ಆಯ್ತು, ನೋಡಿ ಈಗ,” ಎಂದರು.

ದೊಡ್ಡಕ್ಕನ ಮಣಿಕಟ್ಟು ಗುಂಯ್ ಎಂದಿತು. ಒಂದನೇ ಮಂಚ.

ಹೋದಳು. “ಏನು ಬೇಕಿತ್ತು?”

“ನಾನು ಒತ್ತಲೇ ಇಲ್ವಲ್ಲ ಸಿಸ್ಟರ್,” ಎಂದರು ಒಂದನೆಯವರು ಗಾಬರಿಯಿಂದ. ಗುಂಡಿಯ ಮೇಲೆ ಕಾಗದದ ಲೋಟ ಹಾಗೇ ಇತ್ತು.

ಗುಂಯ್. ಎರಡನೆಯದು. ಗುಂಯ್. ಮೂರನೆಯದು.

“ಯಾರೂ ಒತ್ತಬೇಕಾಗಿಲ್ಲ!” ಎಂಜಿನಿಯರ ಕಣ್ಣು ಹೊಳೆಯುತ್ತಿತ್ತು. “ಕಾಲು ಗಂಟೆಗೊಂದ್ಸಲ ಪ್ರತಿ ಮಂಚದಿಂದಲೂ ಅದೇ ಕರೆಯುತ್ತೆ. ಕರೆಯೋಕೆ ಮುಂಚೆ ಕರೆಯೋ ಯಂತ್ರ! ಬಂದು ನೋಡಿ ಹಸಿರು ಒತ್ತೋದು, ಅಷ್ಟೇ. ಸಿಸ್ಟರ್ ಹೇಳಿಕೊಟ್ಟ ಹಾಗೇ.”

ಸೆಕೆಂಡ್ ಸಾಹೇಬರಿಗೆ ಜೀವ ಬಂತು. “ಹನ್ನೆರಡು ಮಂಚ, ಗಂಟೆಗೆ ನಾಲ್ಕು ಸಲ. ನಲವತ್ತೆಂಟು ಕರೆ. ಎಪ್ಪತ್ತೈದು ಸೆಕೆಂಡಿಗೊಂದು!” ಎಂದು ಕಣ್ಣು ಮುಚ್ಚಿ ಸವಿದರು.

“ಹನ್ನೆರಡನೇ ಮಂಚ ಖಾಲಿ ಇದೆ ಸಾರ್,” ಎಂದಳು ದೊಡ್ಡಕ್ಕ.

“ಅದಕ್ಕೂ ಹೋಗ್ಬರ್ಬೇಕು. ಪದ್ಧತಿ ಅಂದ್ರೆ ಪದ್ಧತಿ.”

“ನಾಳೆಯಿಂದ ಆರೂ ಮಹಡಿಗೆ ಹಾಕ್ಸಿ,” ಎಂದರು ಹಿರಿಯ ಡಾಕ್ಟರು. ಮೇಟ್ರನ್ ಹೆಮ್ಮೆಯಿಂದ ದೊಡ್ಡಕ್ಕನ ಬೆನ್ನು ತಟ್ಟಿದರು. “ಹೆಸರೇನಿಡ್ತೀರಿ ಇದಕ್ಕೆ?”

“ಆಗಲೇ ಇಟ್ಟಾಯ್ತು,” ಎಂದರು ಎಂಜಿನಿಯರು.

ಎಲ್ಲರೂ ತಲೆಯೆತ್ತಿ ನೋಡಿದರು. ಬಾಗಿಲ ಮೇಲಿನ ಪರದೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಮೂಡಿತ್ತು: ದೊಡ್ಡಕ್ಕ. ನಾಳೆಯಿಂದ ಆರು ಮಹಡಿಗಳ ಅರವತ್ತು ನರ್ಸುಗಳು ದಿನಕ್ಕೆ ನೂರಾರು ಸಲ ಹಲ್ಲು ಕಡಿಯುತ್ತ ಶಪಿಸಲಿರುವುದು ಆ ಹೆಸರನ್ನೇ.

“ಅಕ್ಕಾ,” ಎಂದು ಚೂಟಿ ಪಿಸುಗುಟ್ಟಿದಳು, “ಯಾರೂ ಕರೀದೇ ಇರೋ ಮಂಚಕ್ಕೆ…”

“ಬಾಯ್ಮುಚ್ಚೇ.”

ದೊಡ್ಡವರೆಲ್ಲ ಸಂತೋಷದಿಂದ ಊಟಕ್ಕೆ ಹೊರಟುಹೋದರು. ದೊಡ್ಡಕ್ಕ ನಾಲ್ಕಕ್ಕೆ ಹೋದಳು, ಐದಕ್ಕೆ ಹೋದಳು, ಖಾಲಿ ಹನ್ನೆರಡಕ್ಕೂ ಹೋಗಿ ಬಂದಳು. ಒಂದೂವರೆಯಾಯಿತು. ಅವಳು ಔಷಧಿ ಕೋಣೆಯಲ್ಲಿ ನಿಂತು ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಾಗ ಪಟ್ಟಿ ಮತ್ತೆ ನಡುಗಿತು. ಒಂಬತ್ತನೇ ಮಂಚ.

ಅವಳು ತಟ್ಟೆ ಹಿಡಿದು ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡುತ್ತ ಬಂದು ಮಂಚದ ಪಕ್ಕ ನಿಂತಳು. ಎಂಜಿನಿಯರು ತಟ್ಟೆಯನ್ನು ನೋಡಿದರು. ಅವಳ ಮುಖ ನೋಡಿದರು. ಹಣೆಯ ಮೇಲೆ ಬೆವರು ಒಡೆಯಿತು.

“ನಾ… ನಾನು ಕರೀಲಿಲ್ಲ ಸಿಸ್ಟರ್.”

“ಕರೆಯೋದ್ಯಾಕೆ ಸಾರ್?” ಎಂದಳು ದೊಡ್ಡಕ್ಕ. “ಕರೆಯೋಕೆ ಮುಂಚೆ ಬರೋಳಲ್ವಾ ನಾನು? ಮಗ್ಗುಲಾಗಿ.”

ಸೂಜಿ ಎಂದಿನದೇ, ಔಷಧಿ ಎಂದಿನದೇ, ಕೈ ಮಾತ್ರ ಎಂದಿನಷ್ಟು ಅವಸರದಲ್ಲಿರಲಿಲ್ಲ. ಎಂಜಿನಿಯರು ಹೊಡೆದ ಕೂಗು ಯಾವ ವೈರಿನ ಸಹಾಯವೂ ಇಲ್ಲದೆ ಮೂರನೇ ಮಹಡಿಯವರೆಗೆ ಕೇಳಿಸಿತು. ದೊಡ್ಡಕ್ಕ ಹತ್ತಿಯಿಂದ ಒತ್ತಿ ಒರೆಸಿದಳು, ಹೊದಿಕೆ ಸರಿಮಾಡಿದಳು, ದಿಂಬು ತಟ್ಟಿ ಕೊಟ್ಟಳು, ತಟ್ಟೆ ಎತ್ತಿಕೊಂಡು ಹತ್ತನೇ ಮಂಚದ ಕಡೆ ಹೊರಟಳು.

ಬಾಗಿಲ ಮೇಲಿನ ಪರದೆಯಲ್ಲಿ ಒಂಬತ್ತರ ಎದುರು ಗಡಿಯಾರ ಓಡುತ್ತಲೇ ಇತ್ತು. ಎರಡು ನಿಮಿಷ, ಮೂರು ನಿಮಿಷ.

“ಅಕ್ಕಾ, ಹಸಿರು ಗುಂಡಿ!” ಎಂದು ಚೂಟಿ ಕೂಗಿದಳು. “ಮರೆತ್ರಾ?”

“ನೆನಪಿದೆ ಕಣೇ,” ಎಂದಳು ದೊಡ್ಡಕ್ಕ. ತಿರುಗಿ ನೋಡಲಿಲ್ಲ.